ನಮ್ಮ ಶುಕ್ರವಾರದ ತಾಸು

ವಾಡಿಯ ನಮ್ಮ ಚರ್ಚಿನಲ್ಲಿ ಈಸ್ಟರ್‌ಗೆ ಮುಂಚಿನ ನಲವತ್ತು ದಿನ ಸರಪಳಿ ಪ್ರಾರ್ಥನೆ ನಡೆಯುತ್ತದೆ. ಬೆಳಗಿನಿಂದ ಸಂಜೆಯವರೆಗೆ ಪ್ರತಿ ತಾಸಿಗೂ ಇಬ್ಬರು. ಒಬ್ಬರು ಬೇಡಿಕೆಯ ಚೀಟಿ ಓದುತ್ತಾರೆ, ಇನ್ನೊಬ್ಬರು ಪ್ರಾರ್ಥಿಸುತ್ತಾರೆ. ಅರ್ಧ ತಾಸಿನ ನಂತರ ಅದಲುಬದಲು. ಚೀಟಿಗಳಲ್ಲಿ ಶಹಾಬಾದಿನ ಕಲ್ಲುಗಣಿಯಲ್ಲಿ ಬಿದ್ದವನ ಬೆನ್ನು, ಸೇಡಂ ಹುಡುಗಿಯ ಪರೀಕ್ಷೆ, ಹೀಗೆ. ಮುಗಿದ ಮೇಲೆ ಬಾಗಿಲ ಪಕ್ಕದ ಹಾಳೆಯಲ್ಲಿ ಇಬ್ಬರೂ ಸಹಿ ಮಾಡಬೇಕು. ಜೋಡಿಯಲ್ಲಿ ಒಬ್ಬರು ತಪ್ಪಿದರೂ ಆ ತಾಸು ತುಂಡಾದಂತೆ.

ನನ್ನ ಜೋಡಿ ಒಬ್ಬ ನಿವೃತ್ತ ನರ್ಸ್, ಎಲ್ಲರಿಗೂ ಆಂಟಿ. ನಾನು ಚಿತ್ತಾಪುರದಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ, ದಿನಾ ರೈಲಿನಲ್ಲಿ ಹೋಗಿಬರುತ್ತೇನೆ. ಶುಕ್ರವಾರ ಸಂಜೆ ಐದರಿಂದ ಆರು ನಮ್ಮದು. ಆಂಟಿ ಏನನ್ನೂ ಕೆದಕಿ ಕೇಳುವವರಲ್ಲ. ನನಗೆ ಅದೇ ಹಿಡಿಸಿತ್ತು.

ಹೋದ ವರ್ಷ ಒಂದು ಶುಕ್ರವಾರ ನಾನು ಹೋಗಲಿಲ್ಲ. ರೈಲು ಸಮಯಕ್ಕೇ ಬಂದಿತ್ತು. ವಾಡಿಯಲ್ಲಿ ಇಳಿದು ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕೂತವಳು ಏಳಲೇ ಇಲ್ಲ. ಕಾಯಿಲೆಯಲ್ಲ, ದುಃಖವೂ ಅಲ್ಲ. ಆ ದಿನ ಯಾರ ಬೇಡಿಕೆಯನ್ನೂ ಹೊರಲು ಮನಸ್ಸಿರಲಿಲ್ಲ. ಆರು ದಾಟಿದ ಮೇಲೆ ಮನೆಗೆ ನಡೆದೆ. ಭಾನುವಾರ ನೋಡಿದರೆ ಹಾಳೆಯಲ್ಲಿ ಆಂಟಿಯ ಸಹಿಯ ಪಕ್ಕದ ಜಾಗ ಖಾಲಿ. ದಾರಕ್ಕೆ ಕಟ್ಟಿದ ಪೆನ್ನು ಅಲ್ಲೇ ತೂಗುತ್ತಿತ್ತು. ಸಹಿ ಮಾಡಿದೆ.

ಮುಂದಿನ ಶುಕ್ರವಾರ ಆಂಟಿ ಹಾಳೆ ನೋಡಿದರು, ನನ್ನನ್ನೂ ನೋಡಿದರು. "ಚೀಟಿ ಭಾಳ ಅವ, ಬಾ ಕುಂದ್ರು," ಎಂದರು. ಅಷ್ಟೇ.

ಈಸ್ಟರ್ ಬೆಳಿಗ್ಗೆ ಪಾಸ್ಟರ್ ರೂಢಿಯಂತೆ, ಒಂದು ತಾಸೂ ತಪ್ಪದ ಜೋಡಿಗಳು ಎದ್ದು ನಿಲ್ಲಲಿ ಎಂದರು. ನಾನು ಎದ್ದೆ. ಆಂಟಿ ಕೂತೇ ಇದ್ದರು. ಮಡಿಲಲ್ಲಿ ಬೈಬಲ್, ಅದರ ಮೇಲೆ ಕನ್ನಡಕ.

"ಆಂಟಿ, ಮೊಣಕಾಲು ಹಿಡಕೊಂಡಾವೇನ್ರಿ?" ಹಿಂದಿನ ಸಾಲಿನ ಹೆಂಗಸೊಬ್ಬಳು ಚಾಷ್ಟಿ ಮಾಡಿದಳು. "ಹುಡುಗಿ ಒಬ್ಬಾಕಿನೇ ನಿಂತಾಳ!"

"ಮೊಣಕಾಲು ಗಟ್ಟಿ ಅವ," ಎಂದರು ಆಂಟಿ. "ನಮ್ಮದೊಂದು ತಾಸು ತುಂಡಾಗ್ಯಾದ. ಹ್ಯಾಂಗ ನಿಂದ್ರಲಿ?"

"ನರ್ಸಮ್ಮಾರೇ ತಪ್ಪಿಸ್ಯಾರ ನೋಡ್ರಿ!" ಎಂದಳು ಆ ಹೆಂಗಸು.

ಸುತ್ತಲಿನವರು ನಕ್ಕರು. ಆಂಟಿ ಅವರನ್ನು ತಿದ್ದಲಿಲ್ಲ. ನಾನು ಸುಮ್ಮನೆ ಕೂತುಬಿಟ್ಟಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ನಮ್ಮ ಶುಕ್ರವಾರಗಳೂ ಮುಗಿಯುತ್ತಿದ್ದವು.

"ತಪ್ಪಿಸಿದಾಕಿ ನಾನು," ಎಂದೆ. ದನಿ ತರಗತಿಯಲ್ಲಿರುವಷ್ಟೇ ಸ್ಪಷ್ಟವಾಗಿತ್ತು. "ಅವತ್ತು ಆಂಟಿ ಎರಡೂ ಪಾಲು ಒಬ್ಬರೇ ಮಾಡ್ಯಾರ. ನಾ ಬರದೇ ಸಹಿ ಹಾಕೀನಿ."

ನಗು ನಿಂತಿತು. ಆಗ ಆಂಟಿ ಎದ್ದರು. ಬೈಬಲ್ ಬೆಂಚಿನ ಮೇಲಿಟ್ಟು ನನ್ನ ಮೊಣಕೈ ಹಿಡಿದು ನಿಂತರು.

"ತಾಸು ತುಂಡಾದದ್ದು ಖರೆರಿ ಪಾಸ್ಟರ್. ಜೋಡಿ ತುಂಡಾಗಿಲ್ಲ. ಮುಂದ ನಡಸ್ರಿ."

ಆರಾಧನೆ ಮುಗಿದ ಮೇಲೆ ಅದೇ ಪೆನ್ನಿನಿಂದ ನನ್ನ ಸಹಿಯ ಮೇಲೆ ಗೆರೆ ಎಳೆದೆ. ಆಂಟಿ ಚಪ್ಪಲಿ ಹಾಕಿಕೊಳ್ಳುತ್ತಿದ್ದರು.

"ಮೊದಲೇ ಯಾಕ ಕೇಳಲಿಲ್ರಿ?"

"ಕೇಳಿದ್ರ ರೈಲು ಲೇಟಾತು ಅಂತಿದ್ದಿ. ಇನ್ನೊಂದು ಸುಳ್ಳು ನಿನ್ನ ಬಾಯಾಗ ನಾನೇ ಯಾಕ ಹಾಕಲಿ?"

ನಿಜ. ಆ ಉತ್ತರ ನನ್ನ ಬಳಿ ತಯಾರಿತ್ತು.

ಈ ವರ್ಷವೂ ಶುಕ್ರವಾರವನ್ನೇ ಕೇಳಿ ಪಡೆದೆವು. ಮನಸ್ಸಿಲ್ಲದ ದಿನವೂ ಸ್ಟೇಷನ್ನಿನಿಂದ ನೇರ ಚರ್ಚಿಗೇ ಹೋಗುತ್ತೇನೆ.

"ಇವತ್ತು ನನಗ ಆಗೂದಿಲ್ರಿ, ಆಂಟಿ."

"ಹಾಂಗಾದ್ರ ಚೀಟಿ ಓದು," ಎಂದು ಆಂಟಿ ಕಣ್ಣು ಮುಚ್ಚುತ್ತಾರೆ. ನಾನು ಓದುತ್ತೇನೆ.