ಹಳೆಯ ಫೈಟಿಂಗ್ ಪಿಕ್ಚರೂ ನಂಜುಂಡನ ಎಡಗಾಲೂ

ಹಳೆಯ ಫೈಟಿಂಗ್ ಪಿಕ್ಚರುಗಳನ್ನು ಮತ್ತೆ ನೋಡುವ ಚಟ ಈಚೆಗೆ ನನಗೆ ಅಂಟಿಕೊಂಡಿದೆ. ಮನೆಯವರ ಮುಂದೆ ಇದನ್ನು ವ್ಯಾಸಂಗ ಎಂದು ಕರೆಯುತ್ತೇನೆ. ಈ ವ್ಯಾಸಂಗದಿಂದ ತಿಳಿದದ್ದೇನೆಂದರೆ, ಆ ಕಾಲದ ಕಳ್ಳಸಾಗಣೆಯವರು ಬಹಳ ಅಚ್ಚುಕಟ್ಟಿನ ಜನ. ಹೀರೋನ ಕಾರು ಬರುವ ದಾರಿಯುದ್ದಕ್ಕೂ ಖಾಲಿ ರಟ್ಟಿನ ಡಬ್ಬಗಳನ್ನು ಎತ್ತರಕ್ಕೆ ಜೋಡಿಸಿಟ್ಟಿರುತ್ತಾರೆ, ಪಾಪ, ಗುದ್ದಲು ಅನುಕೂಲವಾಗಲಿ ಎಂದು. ಅವರ ಅಡ್ಡೆಯಲ್ಲಿ ಕೆಂಪು ಹಸಿರು ದೀಪಗಳು ಮಿನುಗುತ್ತಿರುತ್ತವೆ. ಅವು ಯಾತಕ್ಕೆ ಎಂದು ಕೊನೆಯವರೆಗೂ ಯಾರೂ ಹೇಳುವುದಿಲ್ಲ.

ಇಂಥ ಚೇಸಿಂಗ್ ನಮ್ಮ ತಿಪಟೂರಿನ ಕಡೆ ಸಾಧ್ಯವೇ ಇಲ್ಲ. ಓಡುವವನನ್ನು ಮೊದಲ ತಿರುವಿನಲ್ಲೇ ಯಾರಾದರೂ ಅಡ್ಡಹಾಕಿ, ‘ಯಾವೂರಪ್ಪಾ, ಯಾರ ಪೈಕಿ?’ ಎಂದು ಕೇಳುತ್ತಾರೆ. ಅವನು ಚಿಕ್ಕನಾಯಕನಹಳ್ಳಿ ಎನ್ನುತ್ತಾನೆ. ಅಟ್ಟಿಸಿಕೊಂಡು ಬಂದವನ ಅತ್ತಿಗೆಯ ತವರೂ ಅದೇ ಆಗಿರುತ್ತದೆ. ಆಮೇಲೆ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಎಳನೀರು ಕುಡಿಯಬೇಕಾಗುತ್ತದೆ. ಹಾಗೆಂದು ಚೇಸಿಂಗ್ ನಮಗೆ ಹೊಸದೇನಲ್ಲ. ತಾನೇ ವರ ಕೊಟ್ಟ ರಾಕ್ಷಸ ಬೆನ್ನುಹತ್ತಿದಾಗ ಸಾಕ್ಷಾತ್ ಶಿವನೇ ದಿಕ್ಕೆಟ್ಟು ಓಡಿದ್ದಾನೆ. ಕೊನೆಯ ಅಪಾಯದ ದೃಶ್ಯಕ್ಕೆ ವಿಷ್ಣು ಸೀರೆ ಉಟ್ಟು ಬಂದ. ಅಂದರೆ ಮೊಟ್ಟಮೊದಲು ಡೂಪ್ ಹಾಕಿಸಿಕೊಂಡವನು ಪರಶಿವನೇ. ಇದನ್ನು ಒಮ್ಮೆ ನಂಜುಂಡನೆದುರು ಹೇಳಿ, ಬಹಳ ದಿನ ಅವನ ಮನೆಯ ಕಾಫಿ ಕಳೆದುಕೊಂಡೆ.

ನಂಜುಂಡ ನನ್ನ ಬಾಲ್ಯದ ಗೆಳೆಯ. ಕೆಂಕೆರೆ ಹತ್ತಿರ ಅವನಿಗೆ ತೆಂಗಿನ ತೋಟವಿದೆ. ಹೈಸ್ಕೂಲಿನಲ್ಲಿದ್ದಾಗ ನಾವಿಬ್ಬರೂ ತಿಪಟೂರಿಗೆ ಹೋಗಿ ಒಂದು ಪಿಕ್ಚರ್ ನೋಡಿದೆವು. ಹೀರೋನ ಹೆಸರು ಹೇಳಲಾರೆ. ಅವರ ಅಭಿಮಾನಿಗಳು ಇನ್ನೂ ಗಟ್ಟಿಮುಟ್ಟಾಗಿದ್ದಾರೆ. ಅದರಲ್ಲಿ ಹೀರೋ ಮಹಡಿಯಿಂದ ಓಡುವ ಲಾರಿಯ ಮೇಲೆ ನೆಗೆಯುತ್ತಾನೆ. ಮಾರನೆಯ ದಿನ ನಂಜುಂಡ ಕೊಬ್ಬರಿ ಅಟ್ಟದ ಕಿಂಡಿಯಿಂದ ಅಂಗಳದಲ್ಲಿದ್ದ ತೆಂಗಿನ ಸಿಪ್ಪೆಯ ರಾಶಿಗೆ ನೆಗೆದ. ಮೇಲೆ ಮಾತ್ರ ಸಿಪ್ಪೆ, ಕೆಳಗೆಲ್ಲ ಇನ್ನೂ ಸುಲಿಯದ ಕಾಯಿ. ಅಂದಿನಿಂದ ಎಡಗಾಲು ಕುಂಟು.

ಆ ಕುಂಟು ಅವನಿಗೆ ಒಂದು ಪದವಿಯಂತಾಯಿತು. ‘ಹೀರೋ ನೆಗೆದ, ನಾನೂ ನೆಗೆದೆ’ ಎಂದು ಮದುವೆಮನೆಗಳಲ್ಲಿ ಎದೆಯುಬ್ಬಿಸಿ ಹೇಳುತ್ತಿದ್ದ. ‘ಅದು ಡೂಪ್ ಕಣ್ಲಾ’ ಎಂದು ನಾನು. ‘ತೋರ್ಸು ಮತ್ತೆ’ ಎಂದು ಅವನು. ಟಾಕೀಸಿನಲ್ಲಿ ಪಿಕ್ಚರ್ ನಿಲ್ಲಿಸಿ ತೋರಿಸುವುದು ಹೇಗೆ? ಹೀಗೆ ವಾದಿಸುತ್ತಲೇ ಇಬ್ಬರ ತಲೆಯೂ ಬೆಳ್ಳಗಾಯಿತು.

ಮೊನ್ನೆ ನಂಜುಂಡನ ಮನೆಗೆ ಗೋಡೆಯಗಲದ ಟೀವಿ ಬಂತು. ಆ ಪಿಕ್ಚರ್ ಯೂಟ್ಯೂಬಿನಲ್ಲಿ ಸಿಕ್ಕಿತು. ಇವತ್ತು ಇವನ ಬಾಯಿ ಮುಚ್ಚಿಸಿಯೇ ಬರುತ್ತೇನೆ ಎಂದು ನಾನು ಬೆಳಗಿನ ಬಸ್ಸಿಗೇ ಹೊರಟೆ. ರಿಮೋಟು ಅವನ ಹೆಂಡತಿ ಗಿರಿಜಕ್ಕನ ಕೈಯಲ್ಲಿತ್ತು. ನಂಜುಂಡ ಎಡಗಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡು, ಬಾಯಿ ತೆರೆದು, ಹೈಸ್ಕೂಲ್ ಹುಡುಗನ ಹಾಗೇ ನೋಡುತ್ತಿದ್ದ. ನನಗೆ ಯಾಕೋ ಹೆದರಿಕೆಯಾಯಿತು. ನಾನು ಹೇಳಿದ್ದೇ ನಿಜವಾದರೆ ಇವನು ಈ ಕಾಲನ್ನು ಏನು ಹೇಳಿ ಸಮಾಧಾನ ಮಾಡಬೇಕು? ದೇವರೇ, ನಾನು ಸೋತರೂ ಚಿಂತೆಯಿಲ್ಲ ಎಂದುಕೊಂಡೆ.

ಹೀರೋ ಮಹಡಿ ಹತ್ತಿದ. ನೆಗೆದ. ಸರಿಯಾಗಿ ಆಗಲೇ ಗಿರಿಜಕ್ಕನ ತಂಗಿಯ ಫೋನು ಬಂತು. ಆಕೆ ಪಿಕ್ಚರ್ ನಿಲ್ಲಿಸಿದಳು. ಟೀವಿಯ ನಟ್ಟನಡುವೆ ಹೀರೋನ ಅಂಗಿ ತೊಟ್ಟ ಒಬ್ಬ ಗಾಳಿಯಲ್ಲಿ ನಿಂತಿದ್ದ. ಅವನಿಗೆ ದಪ್ಪ ಮೀಸೆ. ಹೀರೋಗೆ ಮೀಸೆಯೇ ಇಲ್ಲ.

‘ಇದ್ಯಾರ್ರೀ ಇವ್ನು?’ ಎಂದಳು ಗಿರಿಜಕ್ಕ.

‘ಅದು ನೆಳ್ಳು ಕಣಕ್ಕ, ಮುಂದಕ್ಕೆ ಓಡ್ಸು’ ಎಂದೆ. ಜೀವಮಾನವೆಲ್ಲ ಡೂಪ್ ಡೂಪ್ ಎಂದು ಕೂಗಿದ ಬಾಯಿಂದಲೇ ಬಂತು ಈ ಸುಳ್ಳು.

ನಂಜುಂಡ ಎದ್ದ. ಕುಂಟುತ್ತ ಹೋಗಿ ಟೀವಿಗೆ ಮೂಗು ತಾಗುವಷ್ಟು ಹತ್ತಿರ ನಿಂತ. ನಾನು ಚಪ್ಪಲಿ ಎಲ್ಲಿ ಬಿಟ್ಟಿದ್ದೇನೆಂದು ನೋಡಿಕೊಂಡೆ. ಕೊನೆಗೆ ತಿರುಗಿದ, ಮುಖ ಇಷ್ಟಗಲ ಅರಳಿತ್ತು.

‘ಲೇ, ಹಂಗಾರೆ ನೆಗೆದೋರು ಇಬ್ರೇ ಕಣ್ಲಾ! ಈ ಮೀಸೆಯವ್ನು, ಇನ್ನೊಬ್ಬ ನಾನು. ಹೀರೋ ಎಲ್ಲೋ ನೆಳ್ಳಾಗೆ ಕುಂತಿದ್ದ!’

ಪಿಕ್ಚರನ್ನು ಮೊದಲಿಂದ ಹಾಕಿಸಿದ. ಹೀರೋ ಬಂದಾಗಲೆಲ್ಲ, ‘ಇವ್ನು ಇರ್ಲಿ ಬುಡು, ಮುಂದಕ್ಕೆ ಓಡ್ಸು ಗಿರಿಜಾ’ ಎಂದ. ಮೀಸೆಯವನು ನೆಗೆದಾಗ ಮಾತ್ರ ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹೊಡೆದ. ತೋಟದ ನಾಯಿಗಳೆಲ್ಲ ಬೊಗಳಿದವು. ವಾದ ಗೆದ್ದವನೇನೋ ನಾನೇ. ಆದರೆ ಒಂದು ಸಲವೂ ನೆಗೆಯದವನ ಗೆಲುವನ್ನು ಯಾರು ಕೇಳುತ್ತಾರೆ? ನಾನೂ ಶಿಳ್ಳೆ ಹೊಡೆಯಲು ನೋಡಿದೆ. ಬರೀ ಗಾಳಿ ಬಂತು.