ಅಣ್ಣನೆದುರು ಒಂದು ಕುರ್ಚಿ

ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಹೆಂಗಸೊಬ್ಬಳು ಲ್ಯಾಪ್‌ಟಾಪ್ ಎದುರು ಎದ್ದು ನಿಂತಿದ್ದಾಳೆ. ಪಕ್ಕದಲ್ಲೇ ಕುರ್ಚಿ ಇದೆ, ಅದರ ಮೇಲೆ ದಿಂಬೂ ಇದೆ. ಅತ್ತ ಕಡೆಯಿರುವ ಜಡ್ಜ್‌ಗೆ ಕಾಣುತ್ತಿರುವುದು ಸೀರೆಯ ನೆರಿಗೆ ಮಾತ್ರ. ಇಂಥ ಕೋರ್ಟನ್ನು ನೀವು ನೋಡಿದ್ದೀರಾ? ನಾನು ಈಚೆಗೆ ಅಜ್ಜಂಪುರದ ನಮ್ಮ ಪಕ್ಕದ ಮನೆಯಲ್ಲೇ ನೋಡಿದೆ.

ಆಕೆ ರತ್ನಕ್ಕ. ಬ್ಲೌಸ್ ಹೊಲಿಯುವುದರಲ್ಲಿ ಗಟ್ಟಿಗಿತ್ತಿ, ಮಾತಿನಲ್ಲಿ ಇನ್ನೂ ಗಟ್ಟಿಗಿತ್ತಿ. ತರೀಕೆರೆಯಲ್ಲಿ ಅವರಪ್ಪ ಬಿಟ್ಟುಹೋದ ಮನೆಯೊಂದು ರಸ್ತೆಗೆ ಮುಖಮಾಡಿಕೊಂಡಿದೆ. ತನ್ನ ಪಾಲು ಸಿಕ್ಕರೆ ಅಲ್ಲೊಂದು ಹೊಲಿಗೆ ಅಂಗಡಿ ಇಡಬೇಕೆಂಬುದು ಆಕೆಯ ಆಸೆ. ಕೇಳಿದರೆ ಅಣ್ಣ ಶಿವಣ್ಣ, ಮದುವೆಯಾಗಿ ಹೋಗುವಾಗಲೇ ನೀನು ಪಾಲು ಬೇಡ ಅಂದಿದ್ದೆ ಎನ್ನುತ್ತಾನೆ. ಬೇಕಾ ಅಂತ ಯಾರೂ ಕೇಳಿಯೇ ಇಲ್ಲ, ಇನ್ನು ಬೇಡ ಅಂದಿದ್ದು ಯಾವಾಗ?

ಹೆಣ್ಣುಮಕ್ಕಳಿಗೆ ಸಮಪಾಲು ಅಂತ ಕಾನೂನು ಹೇಳುತ್ತದೆ. ಗೌರಿ ಹಬ್ಬಕ್ಕೆ ಅರಿಶಿನ ಕುಂಕುಮ, ಒಂದು ಸೀರೆ ಕೊಟ್ಟರೆ ಆಯಿತಲ್ಲ ಅಂತ ನಮ್ಮ ಮನೆಗಳು ಹೇಳುತ್ತವೆ. (ಸೀರೆಯ ಬಣ್ಣ ಆರಿಸುವುದೂ ಅತ್ತಿಗೆಯೇ, ಆ ವಿಷಯ ಬೇರೆ.) ಹೀಗಾಗಿ ಕೇಸು.

ಕೋರ್ಟಿಗೆ ಹೋಗಿ ವಾಪಸ್ ಬಂದ ಒಂದು ಸಂಜೆ ಬಸ್ಸಿನ ಮೆಟ್ಟಿಲಲ್ಲಿ ಜಾರಿ ರತ್ನಕ್ಕ ಕಾಲು ಮುರಿದುಕೊಂಡಳು. ಸಾಕ್ಷಿ ಹೇಳಬೇಕಾದ ದಿನ ಹತ್ತಿರವಿತ್ತು. ಅದು ತಪ್ಪಿದರೆ ಕೇಸು ಮತ್ತೆ ಎಲ್ಲಿಗೆ ಹೋಗಿ ನಿಲ್ಲುತ್ತಿತ್ತೋ! ಕಡೂರಿನ ಅವಳ ಲಾಯರ್ ಅರ್ಜಿ ಹಾಕಿ, ಮನೆಯಿಂದಲೇ ವಿಡಿಯೋದಲ್ಲಿ ಹೇಳಿಕೆ ಕೊಡಲು ಅನುಮತಿ ತಂದರು.

ರತ್ನಕ್ಕ ನಂಬಲಿಲ್ಲ. "ಜಡ್ಜು ಫೋನಲ್ಲಿ ಬತ್ತಾರೆ ಅಂದ್ರೆ ಮೋಸ ಕಣೇ. ಟಿವೀಲಿ ದಿನಾ ಹೇಳ್ತಾರೆ" ಅಂದಳು. ತಪ್ಪೇನಿದೆ? ಪೊಲೀಸ್ ವೇಷ ಹಾಕಿ, ವಿಡಿಯೋ ಕಾಲ್‌ನಲ್ಲಿ ಹೆದರಿಸಿ ದೋಚುವವರ ಕಾಲ ಇದು. ಲಾಯರ್ ಬಾಯಿಂದಲೇ ಎರಡೆರಡು ಸಲ ಹೇಳಿಸಿದ ಮೇಲೆ ಒಪ್ಪಿದಳು.

ಲ್ಯಾಪ್‌ಟಾಪ್ ನನ್ನದು, ಗೋಡೆ ದಾಟಿ ಬರುವ ವೈಫೈ ಕೂಡ ನನ್ನದೇ. ಎಲ್ಲ ಕ್ರಮವಾಗಿ ನಡೆಯುತ್ತದೆಯೇ ಅಂತ ನೋಡಿಕೊಳ್ಳಲು ಕೋರ್ಟ್ ನೇಮಿಸಿದ ಲಾಯರಮ್ಮ ಒಬ್ಬರು ಬಂದು ಪಕ್ಕದಲ್ಲಿ ಕೂತರು. ಹಿಂದೆ ನಿಂತು ಹೇಳಿಕೊಡುವವರು ಯಾರೂ ಇರಬಾರದು, ರೂಮು ತೋರಿಸಿ ಅಂತ ಅತ್ತಲಿಂದ ಅಪ್ಪಣೆಯಾಯಿತು. ನೋಡಲು ನೆರೆದಿದ್ದ ಓಣಿಯ ಹೆಂಗಸರ ಜೊತೆ ನಾನೂ ಹೊರಬಿದ್ದೆ. ಆದರೆ ಜಗಲಿಯ ಕಿಟಕಿ ತೆರೆದೇ ಇತ್ತು. ಕಿಟಕಿಗೆ ಯಾರೂ ತಡೆಯಾಜ್ಞೆ ತಂದಿರಲಿಲ್ಲವಲ್ಲ?

ಜಡ್ಜ್ ಕಾಣಿಸಿದರು. ಅವರ ಪಕ್ಕದ ಚೌಕದಲ್ಲಿ ಕೋರ್ಟಿನ ಹಾಲ್, ಮುಂದಿನ ಸಾಲಿನಲ್ಲಿ ಶಿವಣ್ಣ. ಅಷ್ಟೇ, ರತ್ನಕ್ಕ ಗೋಡೆ ಹಿಡಿದು ಎದ್ದಳು. ಮುಖ ಕಾಣುತ್ತಿಲ್ಲ, ಕೂತುಕೊಳ್ಳಿ ಎಂದರು ಜಡ್ಜ್. ಕೂರಲಿಲ್ಲ. ಇದು ಕೋರ್ಟಿಗೆ ತೋರಿಸುವ ಮರ್ಯಾದೆ ಇರಬೇಕೆಂದುಕೊಂಡ ಜಡ್ಜ್, ಪರವಾಗಿಲ್ಲ, ಕೂರಿ ಅಂತ ನಾನೇ ಹೇಳುತ್ತಿದ್ದೇನಲ್ಲ ಎಂದರು. ಆಗಲೂ ಕೂರಲಿಲ್ಲ. ಮೈಭಾರವನ್ನೆಲ್ಲ ಒಂದೇ ಕಾಲಿನ ಮೇಲೆ ಹಾಕಿ ನಿಂತಿದ್ದು ಕಿಟಕಿಯಿಂದಲೇ ಕಾಣುತ್ತಿತ್ತು.

"ಅಲ್ಲಿ ನಮ್ಮಣ್ಣ ಅವ್ನೆ ಸ್ವಾಮಿ. ಅವ್ನ ಎದುರಿಗೆ ನಾನು ಯಾವತ್ತೂ ಕೂತಿಲ್ಲ."

ನೋಡಿ! ಯಾರ ಮೇಲೆ ಕೇಸು ಹಾಕಿದ್ದಾಳೋ ಅವನಿಗೇ ಎದ್ದು ನಿಲ್ಲುತ್ತಿದ್ದಾಳೆ. ಅಪ್ಪ, ಅಣ್ಣ ಬಂದರೆ ಏಳಬೇಕು ಅಂತ ನಮಗೂ ಕಲಿಸಿದ್ದಾರಲ್ಲವೇ? ನಿಂತುಕೊಂಡೇ ಪಾಲು ಕೇಳುವವರಿಗೆ ಧ್ವನಿ ಎಲ್ಲಿಂದ ಬರಬೇಕು?

ಜಡ್ಜ್ ನಗಲಿಲ್ಲ. "ಇಲ್ಲಿ ಅವರು ಪ್ರತಿವಾದಿ, ನೀವು ವಾದಿ. ಕೋರ್ಟಿಗೆ ಇಬ್ಬರೂ ಒಂದೇ. ಕೂತು ಹೇಳಿಯಮ್ಮ" ಎಂದರು.

ಆಗ ತೆರೆಯಲ್ಲಿ ಶಿವಣ್ಣ ಮೆಲ್ಲಗೆ ಎದ್ದ. ಅವನ ಲಾಯರ್ ತೋಳು ಹಿಡಿದು ಎಳೆದರೂ ಕೇಳಲಿಲ್ಲ. "ಕೂತ್ಕ ರತ್ನೀ. ಆ ಕಾಲಿಟ್ಕಂಡು ಎಷ್ಟೊತ್ತು ನಿಂತಿರ್ತೀಯ" ಅಂದ.

ರತ್ನಕ್ಕ ಕೂತಳು. ಈಗ ಅವಳ ಮುಖ ಕೋರ್ಟಿಗೆ ಕಂಡಿತು. ಪಾಲು ಬೇಡ ಅಂತ ತಾನು ಯಾವತ್ತೂ ಹೇಳಿಲ್ಲ, ಕೇಳಲು ಧೈರ್ಯ ಇರಲಿಲ್ಲ ಅಷ್ಟೇ, ಈಗ ಕೇಳುತ್ತಿದ್ದೇನೆ ಅಂದಳು. ಎದುರು ಲಾಯರ್ ಎಷ್ಟು ತಿರುಗಿಸಿ ಕೇಳಿದರೂ ಅದೇ ಮಾತು.

ಇಂಟರ್ನೆಟ್ ಬಂದು ನ್ಯಾಯ ಕೊಡಿಸಿಬಿಟ್ಟಿತು ಅಂತ ನಾನು ಹೇಳುತ್ತಿಲ್ಲ. ಅಮೃತಾಪುರದ ನಮ್ಮ ಚಿಕ್ಕಮ್ಮ ಸಿಗ್ನಲ್‌ಗಾಗಿ ಇವತ್ತಿಗೂ ಫೋನ್ ಹಿಡಿದು ಅಂಗಳಕ್ಕೆ ಓಡುತ್ತಾಳೆ. ಪಕ್ಕದ ಮನೆಯಲ್ಲಿ ವೈಫೈ ಇಲ್ಲದ ರತ್ನಕ್ಕಂದಿರು ಏನು ಮಾಡಬೇಕು? ಅದಕ್ಕೆ ಸರ್ಕಾರ ಉತ್ತರ ಹೇಳಬೇಕು. ಆದರೂ ಅವತ್ತು ಆ ಪುಟ್ಟ ತೆರೆಯಲ್ಲಿ ಅಣ್ಣನ ಚೌಕಕ್ಕೂ ತಂಗಿಯ ಚೌಕಕ್ಕೂ ಒಂದೇ ಅಳತೆ ಇತ್ತು. ಅದನ್ನು ಕಂಡು ನನಗೆ ಖುಷಿಯಾಯಿತು, ಮುಚ್ಚಿಡುವುದೇಕೆ?

ಮೊನ್ನೆ ಭಾನುವಾರ ಶಿವಣ್ಣ ಕಿತ್ತಳೆ ಹಣ್ಣು ಹಿಡಿದುಕೊಂಡು ತಂಗಿಯ ಕಾಲು ನೋಡಲು ಬಂದ. ನಾನು ಅಲ್ಲೇ ಇದ್ದೆ. ರತ್ನಕ್ಕನ ಕೈ ಅಭ್ಯಾಸಬಲದಿಂದ ಗೋಡೆಯತ್ತ ಹೋಯಿತು. ಅರ್ಧಕ್ಕೇ ನಿಂತಿತು. ಸೆರಗು ಸರಿಮಾಡಿಕೊಂಡು ಕುರ್ಚಿಯಲ್ಲಿ ಹಿಂದಕ್ಕೊರಗಿ, "ಬಾ ಅಣ್ಣ, ಕೂತ್ಕ" ಅಂದಳು.

ತೀರ್ಪು ಇನ್ನೂ ಬಂದಿಲ್ಲ. ಆದರೆ ಹಾಗೆ ಕೂತವಳನ್ನು ಇನ್ನು ಎಬ್ಬಿಸುವವರು ಯಾರು?