ಏರೋಪ್ಲೇನ್ ಚಿಟ್ಟೆಗೆ ಇಂಟರ್‌ಲಾಕ್

ನನ್ನ ಮೊಬೈಲಿನಲ್ಲಿ ಮೊಮ್ಮಗಳ ಫೋಟೋಗಳಿಗಿಂತ ಏರೋಪ್ಲೇನ್ ಚಿಟ್ಟೆಗಳ ಫೋಟೋಗಳೇ ಹೆಚ್ಚಿವೆ ಎಂಬುದು ಮಣಿಪಾಲದ ನಮ್ಮ ಮನೆಯ ಕಾಯಂ ದೂರು. ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದ ನನಗೆ, ಎದುರು ಮಾತಾಡದೆ ಕೂರುವ ವಿದ್ಯಾರ್ಥಿಗಳೆಂದರೆ ಈಗ ಇವು ಮಾತ್ರ.

ಅವುಗಳಲ್ಲಿ ಅಚ್ಚುಮೆಚ್ಚಿನದು ಬೆಳ್ಮಣ್ಣಿನ ನನ್ನ ತವರಿನ ಗದ್ದೆಯಂಚಿನ ಕೆರೆಯಲ್ಲಿತ್ತು. ಗಂಡಿನ ರೆಕ್ಕೆ ಬುಡದಿಂದ ಅರ್ಧದವರೆಗೆ ಮಸಿಗಪ್ಪು, ಆಮೇಲೊಂದು ಹಾಲುಬಿಳಿ ಪಟ್ಟಿ, ತುದಿ ಗಾಜಿನಷ್ಟು ತಿಳಿ. ಹೆಣ್ಣು ಹಳದಿ, ಇವೆರಡೂ ಒಂದೇ ಸಂಸಾರವೆಂದು ಒಪ್ಪಲು ನನಗೆ ಇಡೀ ಒಂದು ಮಳೆಗಾಲ ಹಿಡಿಯಿತು. ದೂರ ಹಾರುವ ಹಂಬಲವಿಲ್ಲದೆ ನೀರಂಚಿನ ಹುಲ್ಲುಕಡ್ಡಿಯಿಂದ ಎದ್ದು, ಸುತ್ತಿ, ಮತ್ತೆ ಅಲ್ಲಿಯೇ ಕೂರುವ ಈ ಜೀವಿಯ ಮರಿಗಳು ನೀರಿನೊಳಗಿನ ಕಳೆಯ ನಡುವೆ ಬೆಳೆಯುತ್ತವೆ. ನಮ್ಮ ಗದ್ದೆಬಯಲುಗಳಲ್ಲಿ ಇದು ತೀರಾ ಸಾಮಾನ್ಯ. ಸಾಮಾನ್ಯವಾದದ್ದಕ್ಕೆ ನಮ್ಮಲ್ಲಿ ಎಷ್ಟು ಬೆಲೆಯೆಂದು ನಿಮಗೂ ಗೊತ್ತು.

ಆದ್ದರಿಂದಲೇ ನಾನು ಸುಳ್ಳು ಹೇಳಿದೆ. ಕೆರೆಯ ಅಭಿವೃದ್ಧಿಗೆಂದು ಹುಟ್ಟಿದ ಸಮಿತಿಗೆ ನನ್ನ ಚಿಕ್ಕಪ್ಪನ ಮಗ ಸದಾಶಿವನೇ ಅಧ್ಯಕ್ಷ. ಇದು ಬಹಳ ಅಪರೂಪದ ಜೀವಿ, ಕೆರೆಯ ತಂಟೆಗೆ ಹೋಗಬೇಡ ಎಂದು ಗಂಭೀರ ಮುಖ ಮಾಡಿ ಅವನಿಗೆ ಹೇಳಿದೆ. ಅವನು ನನಗಿಂತ ಗಂಭೀರನಾದ. ಬೇಸಗೆ ಮುಗಿಯುವುದರೊಳಗೆ ಅಂಚಿನ ಹುಲ್ಲನ್ನು ಬೇರುಸಹಿತ ಕೀಳಿಸಿ, ಕಾಂಕ್ರೀಟ್ ಗೋಡೆ ಎಬ್ಬಿಸಿ, ಸುತ್ತಲೂ ಇಂಟರ್‌ಲಾಕ್ ಇಟ್ಟಿಗೆ ಹಾಸಿ, ನಾನೇ ಕಳಿಸಿದ್ದ ಫೋಟೋವನ್ನು ಹದ್ದಿನ ಗಾತ್ರಕ್ಕೆ ಹಿಗ್ಗಿಸಿ ಫಲಕ ನಿಲ್ಲಿಸಿದ್ದ. ಓಡಿಹೋಗಿ ರೇಗಿದೆ. ಪಾಪ, ಅವನಿಗೆ ನಿಜಕ್ಕೂ ನೋವಾಯಿತು.

“ಅಪರೂಪದ್ದು ಅಂತ ನೀವೇ ಹೇಳಿದ್ದಲ್ವಾ ಅಕ್ಕ? ಅದನ್ನು ಕೆಸರಿನಲ್ಲಿ ಇಟ್ಟರೆ ಊರಿಗೆ ಮರ್ಯಾದೆ ಉಂಟಾ?”

ಅವನನ್ನೇಕೆ ದೂರಲಿ? ನಾವು ಗೌರವ ತೋರಿಸುವ ಬಗೆಯೇ ಇದು. ಮನೆಯ ಮೇಲೆ ಪ್ರೀತಿ ಉಕ್ಕಿದರೆ ಅಂಗಳಕ್ಕೆ ಇಂಟರ್‌ಲಾಕ್, ದೇವರ ಮೇಲೆ ಉಕ್ಕಿದರೆ ಪ್ರಾಂಗಣಕ್ಕೆ ಗ್ರಾನೈಟ್; ಕಟಪಾಡಿಯಿಂದ ಕಾರ್ಕಳದವರೆಗೆ ನಮ್ಮ ಕಣ್ಣಿಗೆ ಬಿದ್ದು ಉದ್ಧಾರವಾದ ಮಣ್ಣಿನಲ್ಲಿ ಒಂದು ಗರಿಕೆಯೂ ಹುಟ್ಟುವುದಿಲ್ಲ. ಯಾರ ಕಣ್ಣಿಗೂ ಬೀಳದೆ ಬದುಕಿಕೊಂಡಿದ್ದ ಒಂದು ಹುಳುವನ್ನು ಸಮಿತಿಯ ಕೈಗೆ ಹಿಡಿದುಕೊಟ್ಟವಳು ನಾನು. ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಮಳೆ ಕಳೆದು ಕೆರೆ ತುಂಬಿದ ಮೇಲೆ ಉದ್ಘಾಟನೆ ನಡೆಯಿತು. ನನಗೆ ಶಾಲು ಹೊದಿಸಿ, ಕೈಗೆ ಮೈಕ್ ಕೊಟ್ಟು, ಅತಿಥಿಗಳಿಗೆ ಚಿಟ್ಟೆಯನ್ನು ತೋರಿಸಬೇಕೆಂದು ಕೇಳಿಕೊಂಡರು. ಎಷ್ಟು ಹುಡುಕಿದರೂ ಒಂದೂ ಇರಲಿಲ್ಲ. ಅಷ್ಟರಲ್ಲಿ, ಆ ದಿನಗಳಲ್ಲಿ ಬಸ್‌ಸ್ಟ್ಯಾಂಡಿನ ಮೇಲೂ ಗುಂಪುಗುಂಪಾಗಿ ಹಾರುವ ಬೇರೊಂದು ಜಾತಿಯ ಹಳದಿ ಏರೋಪ್ಲೇನ್ ಚಿಟ್ಟೆ ನೀರಿನ ಮೇಲೆ ಸುಳಿಯಿತು. ಅದೇ, ಅದರ ಹೆಣ್ಣು ಎಂದುಬಿಟ್ಟೆ. ಸದಾಶಿವನ ಕಣ್ಣು ತುಂಬಿತು. ಜೋರಾಗಿ ಚಪ್ಪಾಳೆ ಬಿತ್ತು.

ಜನ ಉಪಾಹಾರದ ಕಡೆ ತಿರುಗಿದಾಗ, ಹಿಂದೆ ಆ ಅಂಚಿನಲ್ಲಿ ದನಕ್ಕೆ ಹುಲ್ಲು ಕೊಯ್ಯುತ್ತಿದ್ದ ಗಿರಿಜಕ್ಕ ಹತ್ತಿರ ಬಂದರು.

“ಅದು ಅಲ್ಲ ಅಲ್ವಾ ಟೀಚರ್? ಅದಕ್ಕೆ ಕೂತುಕೊಳ್ಳಲಿಕ್ಕೆ ಹುಲ್ಲು ಬೇಕು. ಇಲ್ಲಿ ಎಂತ ಉಂಟು?”

ಉತ್ತರ ಕೊಡುವ ಮೊದಲು, ಕೈಯಲ್ಲಿದ್ದ ಮೈಕ್ ಆಫ್ ಆಗಿದೆಯೇ ಎಂದು ನೋಡಿಕೊಂಡೆ.